ಹಸಿರು ಕಾಯಿ ಯಾಕೆ ಕೀಳುತ್ತಾರೆ? ಫ್ಲೋರೆಸ್ ದ್ವೀಪದ ಕಾಫಿ ಹಳ್ಳಿಯಲ್ಲಿ ನನ್ನ ಅನುಭವ

ನಮ್ಮ ಚಿಕ್ಕಮಗಳೂರು ಕಡೆ ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ. ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ ಅದೇ ಅರೇಬಿಕಾ ಹಣ್ಣಾಗುವುದು ಮೇನಿಂದ ಸೆಪ್ಟೆಂಬರ್‌ವರೆಗೆ. ಹಾಗಾಗಿ ಊರಿನ ಕೊಯ್ಲು, ಕಸಿ (ಗಿಡ ಸವರುವುದು), ಹೂಮಳೆ, ಗೊಬ್ಬರ ಎಲ್ಲ ಮುಗಿಸಿಕೊಂಡು ಮೇ ಹೊತ್ತಿಗೆ ಹೊರಟರೆ, ಇಲ್ಲಿ ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲೊಂದು ಕೊಯ್ಲು ಮಾಡಿ ಬರಬಹುದು. ಕೆಲವು ವರ್ಷಗಳಿಂದ ನಾನು ಮಾಡುತ್ತಿರುವುದು ಇದನ್ನೇ. ಹಣ್ಣು ಕೊಳ್ಳುವ ಸಣ್ಣ ಕಂಪನಿಯೊಂದು ಪಲ್ಪಿಂಗ್ (ಯಂತ್ರದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವುದು) ಮತ್ತು ಒಣಗಿಸುವ ಕೆಲಸ ನೋಡಿಕೊಳ್ಳಲು ಕರೆಯಿತು, ಹೋದೆ. ದೊಡ್ಡ ಎಸ್ಟೇಟುಗಳಲ್ಲಿ ಕೆಲಸ ಮಾಡಿದವನಿಗೆ ಅರ್ಧ ಹೆಕ್ಟೇರಿನ ಬೆಳೆಗಾರರ ಹಳ್ಳಿ ಬೇರೆಯೇ ಲೋಕ. ಅಲ್ಲಿ ಕೆಲಸ ಹೇಗೆ ಮಾಡಿದೆ, ಆ ಹಳ್ಳಿಗೆ ಮುಂದೆ ಏನಿದೆ ಅಂತ ಗೆಳೆಯರು ಕೇಳುತ್ತಲೇ ಇರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಜಾಗ ಪೂರ್ವ ನುಸಾ ತೆಂಗರಾ ಪ್ರಾಂತ್ಯದ ಙಾಡ ಜಿಲ್ಲೆ. ಜಿಲ್ಲಾಕೇಂದ್ರ ಬಜಾವಾ ಸಮುದ್ರಮಟ್ಟದಿಂದ 1,100 ಮೀಟರ್ ಎತ್ತರದಲ್ಲಿದೆ, ಬೆಳಿಗ್ಗೆ ಸ್ವೆಟರ್ ಬೇಕು. ಸುತ್ತ ಜ್ವಾಲಾಮುಖಿಗಳು. ಅದರಲ್ಲಿ ಇನೆರಿಯೆ 2,245 ಮೀಟರ್, ನೋಡಲು ಹೆರೆದು ಇಟ್ಟಂತೆ ಚೂಪು. ಕಪ್ಪು ಬೂದಿಮಣ್ಣು, ಬಿದಿರು ಮೆಳೆ, ನೆರಳಿಗೆ ನಮ್ಮ ಹಾಲುವಾಣದ ಜಾತಿಯದೇ ಮರ. ಬಾಲಿಯಿಂದ ಲಬುವಾನ್ ಬಾಜೊಗೆ ವಿಮಾನ, ಅಲ್ಲಿಂದ ಬಜಾವಾಗೆ ಇಡೀ ದಿನದ ತಿರುವಿನ ರಸ್ತೆ. ಚಾರ್ಮಾಡಿ ಘಾಟಿಯಲ್ಲಿ ಹೊಟ್ಟೆ ತೊಳಸುವವರು ಬಸ್ಸು ಹತ್ತುವ ಮುಂಚೆ ಏನೂ ತಿನ್ನದಿರುವುದು ವಾಸಿ.

ತೋಟಕ್ಕೆ ಕಾಲಿಟ್ಟರೆ ಎದುರಿಗೆ ನಮ್ಮದೇ ಗಿಡ! ಅಲ್ಲಿ ‘ಜೆಂಬರ್’ ಅಂತ ಕರೆಯುವ ತಳಿ ನಮ್ಮ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಕೆಂಟ್ ಮತ್ತು ಎಸ್. 288 ಅನ್ನುವ ತಳಿಗಳನ್ನು ಕೂಡಿಸಿ 1940ರ ದಶಕದಲ್ಲಿ ಹೊರತಂದ ಎಸ್. 795. ಪೂರ್ವ ಜಾವಾದ ಜೆಂಬರ್ ಪಟ್ಟಣದ ಕಾಫಿ–ಕೋಕೋ ಸಂಶೋಧನಾ ಕೇಂದ್ರ ಅದನ್ನು ದ್ವೀಪಗಳಿಗೆ ಹಂಚಿತು, ಆ ಊರಿನ ಹೆಸರೇ ಉಳಿಯಿತು. ಗಿಡ ನೋಡಿದ ಕೂಡಲೇ ಅದರ ರೋಗ, ಅದರ ಹಟ ಎರಡೂ ನನಗೆ ಗೊತ್ತಿದ್ದವು. ಟಾಪಿಂಗ್ ಮಾಡದೆ, ಅಂದರೆ ತುದಿ ಕತ್ತರಿಸದೆ ಬಿಟ್ಟು ಎರಡಾಳೆತ್ತರ ಹೋಗಿದ್ದವು. ಹೆಂಗಸರು ಬಿದಿರು ಏಣಿ ಒರಗಿಸಿ ಹಣ್ಣು ಬಿಡಿಸುತ್ತಿದ್ದರು.

ಕಂಪನಿಯವರ ದೂರು ಒಂದೇ: ‘ರೈತರು ಕೆಂಪು ಹಣ್ಣು ತರುವುದಿಲ್ಲ, ಹಸಿರು, ಹಳದಿ, ಕಪ್ಪು ಎಲ್ಲ ಬೆರೆಸಿ ತರುತ್ತಾರೆ. ತರಬೇತಿ ಕೊಡಿ.’ ಕಾಯಿ ಸರಿಯಾಗಿ ಬಲಿತಿರದಿದ್ದರೆ ಪಲ್ಪರ್ ಸಿಪ್ಪೆ ಬಿಡಿಸುವುದಿಲ್ಲ, ಬೀಜ ಕಚ್ಚಿ ಹಾಳಾಗುತ್ತದೆ, ಕುಡಿಯುವ ಕಾಫಿಯಲ್ಲಿ ಒಗರು ಬರುತ್ತದೆ. ಇದನ್ನು ಹೇಳಲೆಂದು ಸಭೆ ಕರೆದೆವು. ಮೊದಲು ಎಲೆ–ಅಡಿಕೆಯ ತಟ್ಟೆ ಬಂತು. ಎಲೆಯ ಬದಲು ಅದೇ ಬಳ್ಳಿಯ ಬೆರಳುದ್ದದ ಕಾಯಿಯನ್ನು ಸುಣ್ಣದಲ್ಲಿ ಅದ್ದಿ ಅಡಿಕೆ ಜೊತೆ ಜಗಿಯುತ್ತಾರೆ. ಮಲೆನಾಡಿನವನಿಗೆ ಅಲ್ಲಿ ಅರ್ಧ ಕೆಲಸ ಆದಂತೆಯೇ. ನಾನು ಹೇಳುವುದನ್ನೆಲ್ಲ ಕೇಳಿಸಿಕೊಂಡ ಒಬ್ಬ ಮಾಮಾ (ವಯಸ್ಸಾದ ಹೆಂಗಸರನ್ನು ಅಲ್ಲಿ ಹಾಗೇ ಕರೆಯುವುದು, ಗಂಡಸರನ್ನು ‘ಓಮ್’) ಬಾಯಿ ಒರೆಸಿಕೊಂಡು ಹೇಳಿದರು: “ಓಮ್, ಇದೆಲ್ಲ ನಮಗೂ ಗೊತ್ತು. ಕೆಂಪಾಗುವವರೆಗೆ ಕಾಯಬೇಕಾದರೆ ಹಣ್ಣು ನಮ್ಮದಾಗಿರಬೇಕಲ್ಲ?”

ಹಣ್ಣು ಅವರದ್ದಾಗಿರಲಿಲ್ಲ. ಜನವರಿ–ಫೆಬ್ರವರಿಯಲ್ಲೇ ವ್ಯಾಪಾರಿಯಿಂದ ದುಡ್ಡು ತೆಗೆದುಕೊಂಡು ಗಿಡದ ಮೇಲಿನ ಕಾಯಿ ಬರೆದುಕೊಟ್ಟಿದ್ದರು. ಇದಕ್ಕೆ ಅಲ್ಲಿ ‘ಇಜೋನ್’ ಅನ್ನುತ್ತಾರೆ. ನಾನು ಕಂಡ ಲೆಕ್ಕಗಳಲ್ಲಿ ಮುಂಗಡದ ದರ ಕೊಯ್ಲಿನ ದರದ ಅರ್ಧದ ಆಸುಪಾಸು. ವ್ಯಾಪಾರಿಗೆ ತನ್ನ ದುಡ್ಡು ಬೇಗ ತಿರುಗಬೇಕು, ಮೇ ಬಂದ ಕೂಡಲೇ ‘ತನ್ನಿ’ ಅನ್ನುತ್ತಾನೆ. ಕೊಂಬೆ ಹಿಡಿದು ಸೊರಕ್ಕನೆ ಎಳೆದು ಕೊಡುವುದು ಬಿಟ್ಟರೆ ಬೇರೆ ದಾರಿ ಏನಿದೆ? ತರಬೇತಿ ಕೊಟ್ಟು ಬಿಡಿಸುವ ಗಂಟು ಅದಲ್ಲ.

ಆಮೇಲೆ ನಾನು ಕಾಫಿ ಬಿಟ್ಟು ಮನೆಗಳ ವರ್ಷದ ಖರ್ಚು ಬರೆದುಕೊಳ್ಳಲು ಕೂತೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ, ಆದಾಯ ಇಲ್ಲ. ಕಣಜದ ಜೋಳ ಕರಗುತ್ತಾ ಬರುತ್ತದೆ. ಅದೇ ಸಮಯಕ್ಕೆ ರೆಬಾ, ಅಂದರೆ ಹೊಸ ವರ್ಷದ ಅವರ ದೊಡ್ಡ ಹಬ್ಬ. ಆಮೇಲೆ ಈಸ್ಟರ್. ಇಂಡೊನೇಷ್ಯಾದಲ್ಲಿ ಶಾಲೆ ಶುರುವಾಗುವುದು ಜುಲೈ ಮಧ್ಯದಲ್ಲಿ. ಮಗ ಹೈಸ್ಕೂಲಿಗೋ ಕಾಲೇಜಿಗೋ ಸೇರುವುದಾದರೆ ಜೂನ್‌ನಲ್ಲೇ ಕೈಯಲ್ಲಿ ಹಣ ಬೇಕು. ಇದರ ಮಧ್ಯೆ ಸಾವು ಹೇಳಿಕೇಳಿ ಬರುವುದಿಲ್ಲ. ಸಾವಿನ ಊಟಕ್ಕೆ, ಮೂಲಮನೆ ಕಟ್ಟುವುದಕ್ಕೆ ಹಂದಿ ಕಡಿಯಲೇಬೇಕು, ದೊಡ್ಡ ಕಾರ್ಯವಾದರೆ ಕೋಣ. ಊರೆಲ್ಲ ಕ್ಯಾಥೊಲಿಕರು, ಪ್ರತಿ ಭಾನುವಾರ ಚರ್ಚು ತುಂಬುತ್ತದೆ, ಆದರೂ ಹಿರಿಯರ ಕಟ್ಟಳೆ ಒಂದಿಷ್ಟೂ ಸಡಿಲಿಲ್ಲ.

ಹಂದಿ ಅವರಿಗೆ ಉಳಿತಾಯ ಖಾತೆ. ಮರಿ ತಂದು ಗೆಣಸಿನ ಬಳ್ಳಿ, ಬಾಳೆದಿಂಡು ಬೇಯಿಸಿ ಹಾಕಿ ಸಾಕಿದರೆ ಕಷ್ಟಕ್ಕೆ ಮಾರಬಹುದು. 2020ರ ಸುಮಾರಿಗೆ ಆಫ್ರಿಕನ್ ಹಂದಿಜ್ವರ ಈ ದ್ವೀಪಗಳಿಗೆ ಬಂತು, ಆಗ ಲಸಿಕೆ ಇರಲಿಲ್ಲ, ದೊಡ್ಡಿಗಳು ಖಾಲಿಯಾದವು. ಹಂದಿ ಬೆಲೆ ಏರಿತು, ಆದರೆ ಕಾರ್ಯಕ್ಕೆ ಹಂದಿ ಬೇಡ ಅನ್ನುವ ಹಾಗಿಲ್ಲ. ಉಳಿತಾಯ ಹೋದವರು ಮಾರಲು ಇನ್ನೇನಿದೆ ಅಂತ ನೋಡಿದರು, ಗಿಡದ ಮೇಲಿನ ಕಾಯಿ ಕಂಡಿತು. ಹಸಿರು ಕಾಯಿಯ ಹಿಂದೆ ಹಂದಿಯ ರೋಗ ಇರುವುದು ಕಂಪನಿಯ ಯಾವ ಕೈಪಿಡಿಯಲ್ಲೂ ಇರಲಿಲ್ಲ.

ಹಾಗಾಗಿ ಕೆಲಸ ದುಡ್ಡಿನ ಕಡೆಯಿಂದಲೇ ಶುರುವಾಯಿತು. ಮುಂಗಡ ಕೊಡಲು ಕಂಪನಿ ಒಪ್ಪಲಿಲ್ಲ. ಫ್ಲೋರೆಸ್‌ನಲ್ಲಿ ಸಾಲ ಸಹಕಾರ ಸಂಘಗಳ ಬೇರು ಗಟ್ಟಿ. ಸಿಕ್ಕಾ ಜಿಲ್ಲೆಯ ರೋಟಟ್ ಅನ್ನುವ ಹಳ್ಳಿಯಲ್ಲಿ 1995ರಲ್ಲಿ ರೈತರು ಸೇರಿ ಕಟ್ಟಿದ ‘ಪಿಂಟು ಆಯರ್’ ಸಂಘಕ್ಕೆ ಇವತ್ತು ಲಕ್ಷಗಟ್ಟಲೆ ಸದಸ್ಯರಿದ್ದಾರೆ. ನಮ್ಮ ಹಳ್ಳಿಯಲ್ಲೂ ಬಹುತೇಕ ಮನೆಗಳು ಒಂದಲ್ಲ ಒಂದು ಸಂಘದಲ್ಲಿದ್ದವು, ಆದರೆ ಕಂತು ತಿಂಗಳು ತಿಂಗಳು. ಕಾಫಿಯ ಆದಾಯ ಐದು ತಿಂಗಳದ್ದು. ನಾವು ಮಾಡಿದ್ದು ಇಷ್ಟೇ: ಜನವರಿಯಲ್ಲಿ ಸಣ್ಣ ಸಾಲ, ಏಪ್ರಿಲ್‌ವರೆಗೆ ಬಡ್ಡಿ ಮಾತ್ರ, ಮೇನಿಂದ ಹಣ್ಣಿನ ದುಡ್ಡಿನಲ್ಲಿ ಮುರಿದುಕೊಳ್ಳುವುದು. ಹತ್ತು ಹನ್ನೆರಡು ಮನೆಯ ಗುಂಪು ಪರಸ್ಪರ ಜಾಮೀನು. ಗಂಡಸರ ಗುಂಪು ಜಗಳವಾಡಿ ಒಡೆಯಿತು. ಹೆಂಗಸರು ಆಗಲೇ ‘ಆರಿಸಾನ್’ ಅನ್ನುವ ಚೀಟಿ ನಡೆಸುತ್ತಿದ್ದರು, ಯಾರು ಕೊಡುತ್ತಾರೆ ಯಾರು ಕೈಕೊಡುತ್ತಾರೆ ಅನ್ನುವುದು ಅವರಿಗೆ ಬಾಯಿಪಾಠ. ಸಾಲವನ್ನು ಅದೇ ಗುಂಪಿಗೆ ಕೊಟ್ಟೆವು.

ಎರಡನೆಯದು ತಕ್ಕಡಿ. ಕೆಂಪು ಹಣ್ಣಿಗೆ ಒಂದು ದರ, ಬೆರಕೆಗೆ ಒಂದು ದರ, ತೂಕವಾದ ಕೂಡಲೇ ಕೈಗೆ ಕಾಸು. ಆರು ಕೆಜಿ ಹಣ್ಣಿಗೆ ಸುಮಾರು ಒಂದು ಕೆಜಿ ಬೀಜ. ಹಣ್ಣಿಗೆ ಕೆಜಿಗೆ 10,000 ರೂಪಿಯಾ ಅಂದುಕೊಳ್ಳಿ, ನಮ್ಮ ರೂಪಾಯಿಗೆ ಅಲ್ಲಿ 180–190 ರೂಪಿಯಾ, ಅಂದರೆ 50 ರೂಪಾಯಿ ಚಿಲ್ಲರೆ. ಬೆರಕೆಗೆ 7,000 ಅಂದರೆ ಒಂದು ಬುಟ್ಟಿಗೆ ಎಷ್ಟು ಹೋಯಿತು ಅಂತ ಯಾರೂ ವಿವರಿಸಬೇಕಿಲ್ಲ. ನೀರಿನ ತೊಟ್ಟಿಗೆ ಸುರಿದರೆ ಜೊಳ್ಳು ತೇಲುತ್ತದೆ, ತೇಲಿದ್ದನ್ನು ವಾಪಸ್ ಅವರ ಬುಟ್ಟಿಗೇ ಹಾಕುತ್ತಿದ್ದೆವು, ಮನೆ ಕಾಫಿಗೆ. (ಬೆಳೆಗಾರ ಜೊಳ್ಳು ಕುಡಿದು ಒಳ್ಳೆಯದು ಮಾರುವುದು ಕೊಪ್ಪದಲ್ಲೂ ಬಜಾವಾದಲ್ಲೂ ಒಂದೇ. ನಾನು ಊರಿನಿಂದ ಒಯ್ದ ಫಿಲ್ಟರಿನ ಡಿಕಾಕ್ಷನ್ ಅವರಿಗೆ ಸೇರಲಿಲ್ಲ, ಚಿಕೋರಿ ಯಾಕೆ ಹಾಕಿದ್ದೀರಿ ಅಂತ ಗಾಬರಿಯಾದರು.)

ಪಲ್ಪರ್ ಹೊಸದಾಗಿ ಕೊಳ್ಳಲಿಲ್ಲ. ಜೆಂಬರ್ ಕೇಂದ್ರದವರು ಈ ಭಾಗದಲ್ಲಿ ತೇವ ಸಂಸ್ಕರಣೆ ಕಲಿಸಿದ್ದರು, ಬಜಾವಾ ಅರೇಬಿಕಾಕ್ಕೆ 2012ರಲ್ಲಿ ಭೌಗೋಳಿಕ ಸೂಚಿಕೆಯೂ (ಜಿಐ ಟ್ಯಾಗ್) ಸಿಕ್ಕಿದೆ. ನಮ್ಮ ಬಾಬಾಬುಡನಗಿರಿ ಅರೇಬಿಕಾಕ್ಕೆ ಸಿಕ್ಕಿದ್ದು 2019ರಲ್ಲಿ. ಹಳೆ ಯಂತ್ರದ ತಾಮ್ರದ ಹಾಳೆ ಬದಲಿಸಿದರೆ ಸಾಕಿತ್ತು. ಕಷ್ಟ ಇದ್ದದ್ದು ಹುದುಗಿನಲ್ಲಿ, ಅಂದರೆ ಬೀಜದ ಮೇಲಿನ ಲೋಳೆ ಬಿಡಲು ತೊಟ್ಟಿಯಲ್ಲಿ ಹುಳಿಯಲು ಬಿಡುವುದರಲ್ಲಿ. ಚಳಿ ಜಾಗ, ರಾತ್ರಿ ಬೆಳಗಾಗುವುದರಲ್ಲಿ ಲೋಳೆ ಬಿಡುವುದಿಲ್ಲ. ಗಡಿಯಾರ ನೋಡಬೇಡಿ, ಕೈ ಹಾಕಿ ಅಂದೆ. ಮೊಣಕೈವರೆಗೆ ತೊಟ್ಟಿಗೆ ಇಳಿಸಿ ಒಂದು ಹಿಡಿ ಪಾರ್ಚ್‌ಮೆಂಟ್ (ಒಳಪೊರೆ ಇರುವ ಬೀಜ) ಎತ್ತಿ ನೀರಲ್ಲಿ ಉಜ್ಜಬೇಕು. ಜಾರಿದರೆ ಇನ್ನೂ ಆಗಿಲ್ಲ, ನದಿಯ ಸಣ್ಣ ಕಲ್ಲಿನ ಹಾಗೆ ಕರಕರ ಅಂದರೆ ತೊಳೆಯಬಹುದು. ಕೋಲು ಚುಚ್ಚಿ ತೆಗೆದಾಗ ತೂತು ಮುಚ್ಚದೆ ನಿಂತರೂ ಅದೇ ಗುರುತು. ಒಬ್ಬ ಹುಡುಗಿ, ಹೈಸ್ಕೂಲ್ ಮುಗಿಸಿ ಮನೆಯಲ್ಲಿದ್ದವಳು, ಎರಡೇ ವಾರದಲ್ಲಿ ನನಗಿಂತ ಚೆನ್ನಾಗಿ ಹೇಳತೊಡಗಿದಳು. ಈಗ ತೊಟ್ಟಿ ಅವಳ ಸುಪರ್ದಿ.

ಒಣಗಿಸುವುದು ಮೊದಲು ರಸ್ತೆ ಬದಿಯ ಟಾರ್ಪಾಲಿನ ಮೇಲೆ. ನಾಯಿ, ಕೋಳಿ, ಬೈಕಿನ ಧೂಳು. ಬಿದಿರಿಗೆ ಬರವಿಲ್ಲದ ಊರು, ಸೊಂಟದೆತ್ತರದ ಅಟ್ಟಣೆ ಕಟ್ಟಿಸಿದೆ. ಮಧ್ಯಾಹ್ನ ಮೂರರ ಮೇಲೆ ಬೆಟ್ಟದಿಂದ ಮಂಜು ಇಳಿಯುತ್ತದೆ, ಅಷ್ಟರಲ್ಲಿ ಮುಚ್ಚಿರಬೇಕು. ಇಂಡೊನೇಷ್ಯಾದ ಮಾನಕ 12.5% ತೇವಾಂಶದವರೆಗೆ ಒಪ್ಪುತ್ತದೆ, ನಾವು ಊರಲ್ಲಿ 10ರ ಆಸುಪಾಸಿಗೆ ತರುತ್ತೇವೆ. ಅಲ್ಲಿ 11ಕ್ಕೆ ರಾಜಿಯಾದೆ. ಒಂದು ದಿನ ಜಾಸ್ತಿ ಒಣಗಿಸಿದರೆ ತೂಕ ಇಳಿಯುತ್ತದೆ, ತೂಕ ಇಳಿದರೆ ಕಾಸು ಇಳಿಯುತ್ತದೆ, ಈ ವಾದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಮುದಿ ಗಿಡಗಳ ವಿಷಯ ನಿಧಾನವಾಯಿತು. ಬುಡದಿಂದ ಒಂದಡಿ ಬಿಟ್ಟು ಕತ್ತರಿಸಿದರೆ ಹೊಸ ಚಿಗುರು ಬಂದು ಗಿಡ ಮತ್ತೆ ಪ್ರಾಯಕ್ಕೆ ಬರುತ್ತದೆ, ಆದರೆ ಎರಡು ವರ್ಷ ಫಸಲಿಲ್ಲ. ಎಸ್ಟೇಟು ತಡೆದುಕೊಳ್ಳುತ್ತದೆ, ಒಂದೂಕಾಲು ಎಕರೆಯವರು ತಡೆಯುವುದಿಲ್ಲ. ನಾಲ್ಕು ಸಾಲಿಗೆ ಒಂದು ಸಾಲು ಕತ್ತರಿಸೋಣ ಅಂದೆ. ಮನೆಯ ಯಜಮಾನ ಅನ್ನಿಸಿಕೊಂಡವರೆಲ್ಲ ತಲೆಯಾಡಿಸಿದರು, ಕತ್ತಿ ಮಾತ್ರ ಯಾರೂ ಎತ್ತಲಿಲ್ಲ. ಙಾಡದ ಈ ಭಾಗದಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ, ಮದುವೆಯಾದ ಗಂಡಸು ಹೆಂಡತಿಯ ಮನೆಗೆ ಹೋಗಿ ಇರುವುದೇ ಹೆಚ್ಚು. ನಮ್ಮ ತುಳುನಾಡಿನ ಅಳಿಯಕಟ್ಟು ಗೊತ್ತಿದ್ದರೆ ಅರ್ಧ ಅರ್ಥವಾದಂತೆ. ಗಿಡ ‘ಸಾಓ’ಗೆ, ಅಂದರೆ ಮೂಲಮನೆಗೆ ಸೇರಿದ್ದು. ಅಲ್ಲಿಯ ಹಿರಿಯ ಹೆಂಗಸರು ಸೇರಿ ಒಪ್ಪಬೇಕು. ಒಪ್ಪಿದ್ದು ಮುಂದಿನ ಕೊಯ್ಲು ಕಳೆದ ಮೇಲೆ, ಅದೂ ಹಿತ್ತಲ ಕಡೆಯ ಸಾಲು ಮಾತ್ರ. ಆದರೆ ಇದೇ ಕಟ್ಟಳೆಯಿಂದ ಅಲ್ಲಿ ಜಮೀನು ಪರರಿಗೆ ಮಾರಿಹೋಗಿಲ್ಲ. ನಮ್ಮ ಮಲೆನಾಡಿನಲ್ಲಿ ರೆಸಾರ್ಟಿಗೆ ಹೋದ ತೋಟಗಳನ್ನು ಕಂಡವನಿಗೆ ಅದು ಸಣ್ಣ ವಿಷಯವಲ್ಲ.

ಇನ್ನು ಮುಂದೇನು ಅನ್ನುವುದು. ಸರಕಾರದ ಹಣ ಹಳ್ಳಿಗೆ ನಿಜವಾಗಿ ತಲುಪುತ್ತಿದೆ. 2014ರ ಹಳ್ಳಿ ಕಾಯ್ದೆ ಬಂದ ಮೇಲೆ, 2015ರಿಂದ, ಸುಮಾರು 75,000 ಹಳ್ಳಿಗಳಿಗೆ ಜಕಾರ್ತಾದಿಂದ ನೇರ ಅನುದಾನ ಬರುತ್ತದೆ. ಹಳ್ಳಿ ಕಚೇರಿ ಮುಂದೆ ದೊಡ್ಡ ಬ್ಯಾನರ್, ಅದರಲ್ಲಿ ಮುಖಂಡನ ಫೋಟೊ, ಪಕ್ಕದಲ್ಲಿ ವರ್ಷದ ಆಯ–ವ್ಯಯ ಬಾಬ್ತುವಾರು. ನಿಂತು ಓದುವವರು ಇದ್ದಾರೆ, ಪ್ರಶ್ನೆ ಕೇಳುವವರೂ ಇದ್ದಾರೆ. ಕಾಂಕ್ರೀಟು ರಸ್ತೆ ಬಂದಿದೆ, ಹಣ್ಣು ಅದೇ ದಿನ ಪಲ್ಪರಿಗೆ ಬರಲು ಅದೇ ಕಾರಣ. ಮಕ್ಕಳ ವಿಷಯ ಅಷ್ಟು ಸುಖವಿಲ್ಲ. 2022ರ ಸಮೀಕ್ಷೆಯಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳು ದೇಶದಲ್ಲಿ 21.6%, ಈ ಪ್ರಾಂತ್ಯದಲ್ಲಿ 35.3%. ತಿಂಗಳಿಗೊಮ್ಮೆ ಮಕ್ಕಳನ್ನು ತೂಗುವ ‘ಪೊಸ್ಯಾಂಡು’ ದಿನ ನಮ್ಮ ತಕ್ಕಡಿ ಬಿಡುವಿರುತ್ತಿತ್ತು, ಹೆಂಗಸರೆಲ್ಲ ಆ ತಕ್ಕಡಿಯ ಮುಂದೆ.

ಹುಡುಗರು ಹೊರಡುತ್ತಾರೆ. ಬಾಲಿಯ ಕಟ್ಟಡ ಕೆಲಸ, ಕೊಮೊಡೊ ಅನ್ನುವ ದೈತ್ಯ ಹಲ್ಲಿ ನೋಡಲು ಬರುವವರಿಂದ ಬೆಳೆದ ಲಬುವಾನ್ ಬಾಜೊದ ಹೋಟೆಲು, ಕಾಗದ ಸರಿಯಿಲ್ಲದಿದ್ದರೂ ಮಲೇಷ್ಯಾದ ತಾಳೆ ತೋಟ. ಮಲೇಷ್ಯಾದಿಂದ ಪ್ರಾಂತ್ಯದ ರಾಜಧಾನಿ ಕುಪಾಂಗ್ ವಿಮಾನ ನಿಲ್ದಾಣಕ್ಕೆ ಪ್ರತಿ ವರ್ಷ ಶವಪೆಟ್ಟಿಗೆಗಳು ಬರುತ್ತವೆ, ಎಲ್ಲರಿಗೂ ಗೊತ್ತು, ಆದರೂ ಹೋಗುತ್ತಾರೆ. ಅವರನ್ನು ತಡೆಯಬೇಕು ಅಂತ ನನಗನ್ನಿಸುವುದಿಲ್ಲ. ನಮ್ಮ ಮನೆಗಳಿಂದ ಬೆಂಗಳೂರಿಗೆ ಹೋದವರೆಷ್ಟು! ವಾಪಸ್ ಬರುವವರಿಗೆ ಮಾಡಲು ಏನಾದರೂ ಇರಬೇಕು, ಅಷ್ಟೆ. ಬಾಲಿಯಲ್ಲಿ ಕಾಫಿ ಅಂಗಡಿಯ ಕೆಲಸ ಕಲಿತು ಬಂದ ಒಬ್ಬ ಸಣ್ಣ ರೋಸ್ಟರ್ ಇಟ್ಟಿದ್ದಾನೆ, ವಾಟ್ಸ್ಯಾಪಿನಲ್ಲೇ ವ್ಯಾಪಾರ. ಇನ್ನಿಬ್ಬರು ಫೋನಿನಲ್ಲಿ ತೋಟಗಳ ಗಡಿ ಗುರುತಿಸುತ್ತಾರೆ. ಕಾಡು ಕಡಿದು ಬೆಳೆದಿಲ್ಲ ಅಂತ ತೋರಿಸದ ಕಾಫಿಯನ್ನು ಕೊಳ್ಳುವುದಿಲ್ಲ ಅನ್ನುವ ಯುರೋಪಿನ 2023ರ ಕಾನೂನಿಗೆ ಇದು ಬೇಕು. ಜಾರಿಯನ್ನು ಮುಂದೂಡುತ್ತಲೇ ಇದ್ದಾರೆ, ಆದರೂ ನಕ್ಷೆ ಕೈಯಲ್ಲಿರಲಿ.

2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಊರಲ್ಲಿ ನಮ್ಮವರಿಗೆ ಆದ ಖುಷಿಯೇ ಅಲ್ಲೂ, ಹೊಸ ಬೈಕುಗಳು, ಎರಡು ಮನೆಗೆ ಹೊಸ ತಗಡು. ಜೊತೆಗೆ ಹೊಸ ತಲೆನೋವು: ಬೆಲೆ ಏರಿದಾಗ ವ್ಯಾಪಾರಿ ಬೆರಕೆಗೂ ಕೆಂಪಿಗೂ ಒಂದೇ ದರ ಕೊಡುತ್ತಾನೆ, ಗೇಟಿಗೇ ಬಂದು ಎತ್ತಿಕೊಂಡು ಹೋಗುತ್ತಾನೆ. ಏಣಿ ಹತ್ತಿ ಒಂದೊಂದೇ ಬಿಡಿಸಿ, ತೊಳೆದು, ಅಟ್ಟಣೆ ಕಾಯುವ ಕೂಲಿ ಗಿಟ್ಟುತ್ತದೆಯೇ? ಗುಂಪಿನ ಅರ್ಧ ಜನ ಈ ಸಲ ಹಣ್ಣನ್ನು ವ್ಯಾಪಾರಿಗೇ ಮಾರೋಣ ಅನ್ನುತ್ತಿದ್ದಾರೆ. ತೊಟ್ಟಿಯ ಹುಡುಗಿ ಮತ್ತು ಆ ಮಾಮಾ ಒಪ್ಪುತ್ತಿಲ್ಲ, ಬೆಲೆ ಇಳಿದ ವರ್ಷ ಕೊಳ್ಳುವವರು ಯಾರು ಅನ್ನುವುದು ಅವರ ಪ್ರಶ್ನೆ. ಕಂಪನಿ ಕೆಂಪಿಗೆ ಎಷ್ಟು ಹೆಚ್ಚು ಕೊಡುತ್ತದೆ ಅನ್ನುವುದರ ಮೇಲೆ ಏಪ್ರಿಲ್ ಸಭೆಯಲ್ಲಿ ತೀರ್ಮಾನ. ಆ ಅಂಕಿಗಾಗಿ ನಾನೀಗ ಕಂಪನಿಯವರ ಜೊತೆ ಫೋನಿನಲ್ಲಿ ಚೌಕಾಸಿ ಮಾಡುತ್ತಿದ್ದೇನೆ.