ಹಳೆಯ ಮ್ಯಾಕ್‌ಗಳಿಗೆ ಹೊಸ ಎನ್‌ಟಿಪಿ ಹಾಕಿದ್ದು

ಮೈಸೂರಿನ ಅಗ್ರಹಾರದ ಹತ್ತಿರ ನಮ್ಮ ಚಿಕ್ಕಪ್ಪನ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ಇದೆ. ಅಲ್ಲಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನಾನು. ಒಂದು ಐಮ್ಯಾಕ್, ಎರಡು ಮ್ಯಾಕ್ ಮಿನಿ. ಮೂರರಲ್ಲೂ ಇರುವುದು ಆಪಲ್‌ನ ಹಳೆ ಆಪರೇಟಿಂಗ್ ಸಿಸ್ಟಂ ಸ್ನೋ ಲೆಪರ್ಡ್, ಅಂದರೆ 10.6. ಹೊಸದು ತಗೋಬಾರದಾ ಅಂತ ಎಲ್ಲರೂ ಕೇಳುತ್ತಾರೆ. ಅಲ್ಲಿನ ಪುಟ ವಿನ್ಯಾಸದ ಸಾಫ್ಟ್‌ವೇರ್ ಪವರ್‌ಪಿಸಿ ಚಿಪ್‌ಗೆ ಬರೆದದ್ದು. ಅದನ್ನು ಇಂಟೆಲ್ ಮ್ಯಾಕ್‌ನಲ್ಲಿ ಓಡಿಸುವ ರೊಸೆಟ್ಟಾ 10.6ಕ್ಕೇ ಮುಗಿಯಿತು. 2011ರ 10.7ರಲ್ಲಿ ಅದಿಲ್ಲ. ವರ್ಷಗಟ್ಟಲೆಯ ಫೈಲುಗಳು, ಹಳೆ ಕನ್ನಡ ಫಾಂಟುಗಳು ಎಲ್ಲ ಅಲ್ಲೇ ಇವೆ.

ಈ ಮೂರರ ಫೈಲುಗಳನ್ನು ರಾತ್ರಿ ಹೊತ್ತು ಒಂದು ಕಡೆ ಸೇರಿಸುವ ಸ್ಕ್ರಿಪ್ಟ್ ಇದೆ. ಒಂದೇ ಹೆಸರಿನ ಎರಡು ಫೈಲಿದ್ದರೆ, ಯಾವುದನ್ನು ಆಮೇಲೆ ತಿದ್ದಿದ್ದಾರೋ ಅದನ್ನು ಇಟ್ಟುಕೊಳ್ಳುತ್ತದೆ. ಒಂದು ಮಷೀನಿನ ಗಡಿಯಾರ ಹಿಂದೆ ಬಿದ್ದಿದ್ದರೆ ಕರಡು ತಿದ್ದಿದ ಪ್ರತಿ ಹೋಗಿ, ತಪ್ಪಿರುವ ಪ್ರತಿಯೇ ಉಳಿಯುತ್ತದೆ. ಮುಹೂರ್ತವನ್ನು ನಿಮಿಷದ ಲೆಕ್ಕದಲ್ಲಿ ಅಚ್ಚು ಹಾಕುವ ಜಾಗದಲ್ಲಿ ಗಡಿಯಾರವೇ ಸರಿಯಿಲ್ಲ ಅಂದರೆ ಹೇಗೆ, ಅಲ್ವಾ?

ಗಡಿಯಾರ ಸರಿಯಿಡಲು ಈ ಹಳೆ ಮ್ಯಾಕ್‌ಗಳಲ್ಲಿ ಎನ್‌ಟಿಪಿಡಿ ಅನ್ನುವ ಪ್ರೋಗ್ರಾಂ ಇದೆ. ಎನ್‌ಟಿಪಿ ಅಂದರೆ ನೆಟ್‌ವರ್ಕ್ ಮೂಲಕ ಸರ್ವರ್‌ನಿಂದ ಸರಿಯಾದ ಸಮಯ ಕೇಳಿ ಪಡೆಯುವ ವಿಧಾನ. 2014ರ ಡಿಸೆಂಬರ್‌ನಲ್ಲಿ ಅದರಲ್ಲಿ ದೊಡ್ಡ ದೋಷಗಳು ಸಿಕ್ಕವು. ಹೊರಗಿನವರು ಒಂದು ಪ್ಯಾಕೆಟ್ ಕಳಿಸಿ ಒಳಗೆ ತಮ್ಮ ಕೋಡ್ ಓಡಿಸಬಹುದಾದಂಥವು. ಅದನ್ನು ಸರಿಪಡಿಸಿದ 4.2.8 ಆವೃತ್ತಿ ಆಗಲೇ ಬಂತು. ಆಪಲ್ ಕೂಡ ತಡಮಾಡದೆ ತಿದ್ದುಪಡಿ ಕಳಿಸಿತು, ಆದರೆ 10.8, 10.9, 10.10ಕ್ಕೆ ಮಾತ್ರ. ನಮ್ಮಂಥವರು ಮೂಲ ಕೋಡ್ ತಂದು ನಾವೇ ಬಿಲ್ಡ್ ಮಾಡಿಕೊಳ್ಳಬೇಕು, ಅಂದರೆ ಓಡುವ ಪ್ರೋಗ್ರಾಂ ಆಗಿ ಕಟ್ಟಿಕೊಳ್ಳಬೇಕು.

"ನಡೀತಿರೋ ಮಷೀನ್ ಯಾಕಪ್ಪ ಮುಟ್ತೀಯ?" ಅಂದರು ಚಿಕ್ಕಪ್ಪ. ಅವರ ಮಾತೂ ಸುಳ್ಳಲ್ಲ. ಅದಕ್ಕೇ ಎಲ್ಲವನ್ನೂ ಒಂದು ಶೆಲ್ ಸ್ಕ್ರಿಪ್ಟ್‌ನಲ್ಲಿ ಬರೆದೆ. ಟರ್ಮಿನಲ್‌ನಲ್ಲಿ ಕೈಯಾರೆ ಹೊಡೆದದ್ದು ಆರು ತಿಂಗಳಾದ ಮೇಲೆ ಯಾರಿಗೆ ನೆನಪಿರುತ್ತೆ? ಸ್ಕ್ರಿಪ್ಟ್ ಇದ್ದರೆ ಏನು ಮಾಡಿದೆವು, ವಾಪಸ್ ಹೋಗುವುದು ಹೇಗೆ, ಎರಡೂ ಅದರಲ್ಲೇ ಇರುತ್ತವೆ.

ಮೊದಲ ಅಡ್ಡಿ ಗಡಿಯಾರದ್ದೇ. ಒಂದು ಮಿನಿಯ ಒಳಗಿನ ಬ್ಯಾಟರಿ ಸತ್ತಿತ್ತು. ಕರೆಂಟ್ ಹೋಗಿ ಬಂದರೆ ತಾರೀಖು 2001ಕ್ಕೆ ಹೋಗುತ್ತಿತ್ತು. ಅಂಥ ಮಷೀನ್‌ನಲ್ಲಿ ಬಿಲ್ಡ್ ಶುರು ಮಾಡಿದರೆ, ಮಷೀನ್ ಹೇಗಿದೆ ಅಂತ ಮೊದಲು ಪರೀಕ್ಷಿಸುವ ಕಾನ್ಫಿಗರ್ ಹಂತದಲ್ಲೇ ನಿಲ್ಲುತ್ತದೆ. ಈಗಷ್ಟೇ ಮಾಡಿದ ಫೈಲು ಮೂಲ ಕೋಡ್‌ಗಿಂತ ಹಳೆಯದಾಗಿ ಕಾಣುತ್ತಿದೆ, ಗಡಿಯಾರ ನೋಡಿಕೊಳ್ಳಿ ಅನ್ನುತ್ತದೆ. ಸಮಯ ಸರಿಮಾಡುವ ಪ್ರೋಗ್ರಾಂ ಕಟ್ಟಲು ಮೊದಲು ಸಮಯ ಸರಿಯಿರಬೇಕು! ಆದ್ದರಿಂದ ಹೊಸ ಬ್ಯಾಟರಿ ಹಾಕಿಸಿ, ಫೋನ್ ನೋಡಿಕೊಂಡು ತಾರೀಖನ್ನು ಕೈಯಿಂದಲೇ ಇಟ್ಟೆ. ಸ್ಕ್ರಿಪ್ಟ್‌ನ ಮೊದಲ ಸಾಲುಗಳೂ ಅದನ್ನೇ ನೋಡುತ್ತವೆ. ವರ್ಷ ಅಸಂಬದ್ಧವಾಗಿದ್ದರೆ ಅಲ್ಲೇ ನಿಲ್ಲು ಅಂತ.

ಕೋಡ್ ಇಳಿಸುವುದಕ್ಕೆ 10.6ರ ಬ್ರೌಸರ್ ಸಫಾರಿ, ಟರ್ಮಿನಲ್‌ನಿಂದ ಫೈಲು ಇಳಿಸುವ ಕರ್ಲ್ ಎರಡನ್ನೂ ನಂಬಬೇಡಿ. ಆ ಸಫಾರಿಗೂ, ಕರ್ಲ್ ಬಳಸುವ ಓಪನ್‌ಎಸ್‌ಎಸ್‌ಎಲ್ 0.9.8ಕ್ಕೂ ಸುರಕ್ಷಿತ ಸಂಪರ್ಕದ ಟಿಎಲ್‌ಎಸ್ 1.2 ಬರುವುದಿಲ್ಲ. ಹೊಸ ಲ್ಯಾಪ್‌ಟಾಪ್‌ನಲ್ಲಿ ಇಳಿಸಿ, ಫೈಲು ಬದಲಾಗಿಲ್ಲ ಅಂತ ಖಚಿತಪಡಿಸುವ ಚೆಕ್‌ಸಮ್ ತಾಳೆ ನೋಡಿ, ಪೆನ್‌ಡ್ರೈವ್‌ನಲ್ಲಿ ತಂದೆ. ಕೋಡನ್ನು ಪ್ರೋಗ್ರಾಂ ಆಗಿ ಕಟ್ಟುವ ಕಂಪೈಲರ್‌ಗೆ ಆಪಲ್‌ನ ಎಕ್ಸ್‌ಕೋಡ್ 3.2 ಸಾಕು. ಸ್ನೋ ಲೆಪರ್ಡ್ ಡಿವಿಡಿಯಲ್ಲೇ ಎಕ್ಸ್‌ಕೋಡ್ ಇರುತ್ತದೆ.

ಇನ್ನೊಂದು ಮುಖ್ಯ ವಿಷಯ ಚಿಪ್. 2006ರ ಮೊದಲ ಇಂಟೆಲ್ ಮಿನಿಗಳಲ್ಲಿ ಇರುವುದು 32 ಬಿಟ್‌ನ ಕೋರ್ ಸೋಲೊ ಅಥವಾ ಕೋರ್ ಡ್ಯುಯೊ. ಆಮೇಲಿನವು ಕೋರ್ 2 ಡ್ಯುಯೊ, 64 ಬಿಟ್. ಸ್ನೋ ಲೆಪರ್ಡ್‌ನ ಕಂಪೈಲರ್ ಜಿಸಿಸಿ 64 ಬಿಟ್ ಚಿಪ್ ಕಂಡರೆ ತಾನಾಗಿ 64 ಬಿಟ್‌ಗೇ ಕಟ್ಟುತ್ತದೆ. ಆ ಫೈಲು ಹಳೆ ಮಿನಿಯಲ್ಲಿ ಓಡುವುದಿಲ್ಲ. ಹಾಗಾಗಿ ಐಮ್ಯಾಕ್‌ನಲ್ಲಿ ಐ386, ಅಂದರೆ 32 ಬಿಟ್, ಅಂತ ಸ್ಪಷ್ಟವಾಗಿ ಹೇಳಿ ಒಂದೇ ಸಲ ಬಿಲ್ಡ್ ಮಾಡಿದೆ. ಅದು ಮೂರಕ್ಕೂ ಆಗುತ್ತದೆ. ಕ್ರಿಪ್ಟೊ ಆಯ್ಕೆಯನ್ನು ಆಫ್ ಮಾಡಿಬಿಟ್ಟೆ. ಕೀಲಿ ಇಟ್ಟು ಸಮಯ ಕೇಳುವ ಅಗತ್ಯ ನಮಗಿಲ್ಲ, ಹಳೆ ಓಪನ್‌ಎಸ್‌ಎಸ್‌ಎಲ್ ಸಹವಾಸವೂ ಬೇಡ. ಕೋಡ್ ಕಟ್ಟುವ ಮೇಕ್ ಆಜ್ಞೆ ಸುಮ್ನೆ ತನ್ನ ಪಾಡಿಗೆ ಮುಗಿಯಿತು.

ಸ್ಕ್ರಿಪ್ಟ್‌ನ ಉಳಿದ ಕೆಲಸ ಇಷ್ಟು. ಹಿನ್ನೆಲೆ ಪ್ರೋಗ್ರಾಂಗಳನ್ನು ನಡೆಸುವ ಲಾಂಚ್‌ಸಿಟಿಎಲ್ ಆಜ್ಞೆಯಿಂದ ಹಳೆ ಎನ್‌ಟಿಪಿಡಿ ನಿಲ್ಲಿಸುತ್ತದೆ. ಅದರ ಫೈಲನ್ನು ಅಳಿಸದೆ ಬೇರೆ ಫೋಲ್ಡರ್‌ಗೆ ಹಾಕುತ್ತದೆ. ಹೊಸದನ್ನು ಅದೇ ಜಾಗದಲ್ಲಿಟ್ಟು, ಮಾಲೀಕ ರೂಟ್, ಅನುಮತಿ ಮೊದಲಿನಂತೆ ಮಾಡಿ, ಮತ್ತೆ ಶುರು ಮಾಡುತ್ತದೆ. ಕೊನೆಗೆ ಆವೃತ್ತಿ ಕೇಳುತ್ತದೆ. 4.2.8 ಅನ್ನದಿದ್ದರೆ ಹಳೆಯದನ್ನೇ ವಾಪಸ್ ಇಡುತ್ತದೆ.

ಬಿಲ್ಡ್ ಮಾಡುವ ಧೈರ್ಯ ಇಲ್ಲದವರೂ ಸೆಟ್ಟಿಂಗ್ ಫೈಲಿನಲ್ಲಿ ನೋಕ್ವೆರಿ ಸಾಲನ್ನಾದರೂ ಸೇರಿಸಲೇಬೇಕು. ಸಮಯ ಕೇಳುವವರಿಗೆ ಅದರಿಂದ ಅಡ್ಡಿಯಿಲ್ಲ. ಒಳಗಿನ ಸ್ಥಿತಿ ವಿಚಾರಿಸುವ ಪ್ಯಾಕೆಟ್‌ಗಳು ಮಾತ್ರ ನಿಲ್ಲುತ್ತವೆ, 2014ರ ದೋಷಗಳಲ್ಲಿ ಕೆಲವು ಬರುತ್ತಿದ್ದುದು ಆ ದಾರಿಯಲ್ಲೇ. ನಮ್ಮದೇ ಮಷೀನ್‌ಗೆ, ಅಂದರೆ 127.0.0.1ಕ್ಕೆ, ಬೇರೆ ಸಾಲು ಬರೆದು ಬಿಟ್ಟುಕೊಡಿ. ಇಲ್ಲದಿದ್ದರೆ ಎನ್‌ಟಿಪಿಡಿಯ ಸ್ಥಿತಿ ಕೇಳಿ ತೋರಿಸುವ ನಿಮ್ಮ ಎನ್‌ಟಿಪಿಕ್ಯೂಗೂ ಉತ್ತರ ಬರುವುದಿಲ್ಲ.

ಸರ್ವರ್‌ಗಳಿಗೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು, ಜೊತೆಗೆ ಸ್ವಯಂಸೇವಕರ ಸಮಯದ ಸರ್ವರ್‌ಗಳ ಗುಂಪಾದ ಎನ್‌ಟಿಪಿ ಪೂಲ್‌ನ ಭಾರತದ್ದು ಕೊಟ್ಟೆ. ಹತ್ತು ನಿಮಿಷ ಬಿಟ್ಟು ಎನ್‌ಟಿಪಿಕ್ಯೂ ಓಡಿಸಿದರೆ, ಆರಿಸಿಕೊಂಡ ಸರ್ವರ್ ಮುಂದೆ ನಕ್ಷತ್ರದ ಗುರುತು ಇರಬೇಕು, ರೀಚ್ ಕೆಳಗೆ 377 ಇರಬೇಕು. ಅದು ಎಂಟರ ಲೆಕ್ಕದ ಸಂಖ್ಯೆ. ಕೊನೆಯ ಎಂಟು ಸಲ ಕೇಳಿದಾಗಲೂ ಉತ್ತರ ಬಂದಿದೆ ಅಂತ ಅರ್ಥ. ಆಫ್‌ಸೆಟ್, ಅಂದರೆ ಸರ್ವರ್‌ಗೂ ನಮ್ಮ ಗಡಿಯಾರಕ್ಕೂ ಇರುವ ವ್ಯತ್ಯಾಸ, ಮಿಲಿಸೆಕೆಂಡಿನಲ್ಲಿ ಇರುತ್ತದೆ. ಅದು ಒಂದಂಕಿಗೆ ಬರಲಿ ಅಂತ ಕಾಯಬೇಡಿ. ಅಂಗಡಿಯ ಬ್ರಾಡ್‌ಬ್ಯಾಂಡ್‌ನಲ್ಲಿ ಇಪ್ಪತ್ತು ಮೂವತ್ತು ಇದ್ದರೂ ಫೈಲುಗಳ ಲೆಕ್ಕಕ್ಕೆ ಏನೂ ಆಗುವುದಿಲ್ಲ.

ಮೂಲೆಯಲ್ಲಿ ಹಳೆ ಸ್ಕ್ಯಾನರ್‌ಗೋಸ್ಕರ ಇಟ್ಟಿರುವ ಒಂದು ಪವರ್‌ಪಿಸಿ ಜಿ4 ಕೂಡ ಇದೆ, 10.4ರದ್ದು. ಅದಕ್ಕೆ ಬಿಲ್ಡ್ ಮಾಡಲು ಹೋಗಲಿಲ್ಲ. ರೂಟರ್‌ನಲ್ಲಿ ಅದರ ಇಂಟರ್‌ನೆಟ್ ಕಟ್ ಮಾಡಿ, ಸಮಯದ ಸರ್ವರ್ ಅಂತ ಐಮ್ಯಾಕ್‌ನ ಒಳಗಿನ ವಿಳಾಸ ಕೊಟ್ಟೆ. ಐಮ್ಯಾಕ್ ಆನ್ ಆಗಿ ಹತ್ತು ನಿಮಿಷ ಆದ ಮೇಲೆ ಜಿ4 ಆನ್ ಮಾಡಿ ಅಂತ ಹುಡುಗರಿಗೆ ಹೇಳಿದ್ದೇನೆ. ಐಮ್ಯಾಕ್ ತಾನೇ ಸರಿಹೋಗುವ ಮೊದಲು ಬೇರೆಯವರಿಗೆ ಸಮಯ ಕೊಡುವುದಿಲ್ಲ.