ಟ್ರೈನಿಂಗ್ ಫೈಲ್ ತುಂಬಿತ್ತು, ಹುಡುಗ ಸಿಕ್ಕಿಬಿದ್ದ

ನನ್ನ ಮನೆ ಕಾರವಾರದಲ್ಲಿ, ಕೆಲಸ ಗೋವಾದಲ್ಲಿ. ವಿಮಾನದ ಬಿಡಿಭಾಗ ರಿಪೇರಿ ಮಾಡುವ ಸಣ್ಣ ಶಾಪ್ ನಮ್ಮದು, ನಲವತ್ತು ಜನರೂ ಇಲ್ಲ. ಟೆಕ್ನಿಷಿಯನ್ ಆಗಿ ಸೇರಿದ್ದ ನನ್ನನ್ನು ಕ್ವಾಲಿಟಿ ವಿಭಾಗಕ್ಕೆ ಹಾಕಿದರು. ಟ್ರೈನಿಂಗೂ ನನ್ನ ತಲೆಗೇ ಬಂತು, ಬೇರೆ ಯಾರಿಗೂ ಅದು ಬೇಡವಾಗಿತ್ತು.

ವಿಮಾನಯಾನ ನಿಯಂತ್ರಕ ಡಿಜಿಸಿಎ ರಿಪೇರಿ ಶಾಪುಗಳಿಗೆ ಮಾಡಿರುವ ಸಿಎಆರ್-145 ನಿಯಮದ ಪ್ರಕಾರ, ಕೆಲಸ ಸರಿಯಾಗಿದೆ ಅಂತ ಸರ್ಟಿಫೈ ಮಾಡಿ ಸಹಿ ಹಾಕುವವರಿಗೆ ಎರಡು ವರ್ಷದ ಪ್ರತಿ ಅವಧಿಯಲ್ಲೂ ಕಂಟಿನ್ಯೂಯೇಷನ್ ಟ್ರೈನಿಂಗ್, ಅಂದ್ರೆ ಕಲಿತದ್ದನ್ನು ಹೊಸದಾಗಿಸುವ ತರಬೇತಿ ಆಗಬೇಕು. ಹ್ಯೂಮನ್ ಫ್ಯಾಕ್ಟರ್ಸೂ (ಕೆಲಸದಲ್ಲಿ ಮನುಷ್ಯ ಯಾಕೆ ತಪ್ಪು ಮಾಡ್ತಾನೆ ಅನ್ನೋದು) ಅದರಲ್ಲಿ ಸೇರಿದೆ. ನಾನೇನು ಮಾಡಿದೆ ಅಂದ್ರೆ, ನಮ್ಮ ಶಾಪ್ ಹೇಗೆ ಕೆಲಸ ಮಾಡಬೇಕು ಅಂತ ಬರೆದಿಟ್ಟ ಎಂಒಇ ಪುಸ್ತಕದ ಸಾಲುಗಳನ್ನೇ ನೂರಾರು ಸ್ಲೈಡಿಗೆ ಅಂಟಿಸಿ, ಮೀನೂಟ ಆದಮೇಲೆ ಎಲ್ಲರನ್ನೂ ಕೂರಿಸಿ ಓದಿಬಿಟ್ಟೆ. ಅರ್ಧ ಜನ ತೂಕಡಿಸಿದರು. ಎಲ್ಲರೂ ಸಹಿ ಹಾಕಿದರು.

ಆಡಿಟ್‌ಗೆ ಬಂದವರು ಫೈಲನ್ನು ಸುಮ್ನೆ ತಿರುವಿ ಹಾಕಿ ನೇರ ಒಳಗೆ ಹೋದರು. ಸಂದು ಮುಚ್ಚುವ ಸೀಲೆಂಟ್‌ನ ಒಂದು ಟ್ಯೂಬ್ ಎತ್ತಿಕೊಂಡು, ಇದರ ಅವಧಿ ನಿನ್ನೆಗೇ ಮುಗಿದಿದ್ದರೆ ಏನು ಮಾಡ್ತೀಯಪ್ಪಾ ಅಂತ ಒಬ್ಬ ಹುಡುಗನನ್ನು ಕೇಳಿದರು. "ಒತ್ತಿ ನೋಡ್ತೀನಿ ಸರ್, ಮೆತ್ತಗಿದ್ರೆ ಹಾಕ್ತೀನಿ." ಹಿಂದಿನ ತಿಂಗಳ ಟೆಸ್ಟ್‌ನಲ್ಲಿ ಶೆಲ್ಫ್ ಲೈಫ್ ಪ್ರಶ್ನೆಗೆ ಅವನು ಸರಿಯಾಗಿಯೇ ಟಿಕ್ ಹಾಕಿದ್ದ! ಲೆವೆಲ್ 2 ಫೈಂಡಿಂಗ್ ಬಂತು, ಅಂದ್ರೆ ಗಡುವಿನೊಳಗೆ ಸರಿಪಡಿಸಲೇಬೇಕಾದ ದೋಷ.

ಪರಿಹಾರ ಅಂತ ಮೊದಲು ನಾನು ಬರೆದದ್ದು "ಮರು ತರಬೇತಿ ನೀಡಲಾಗುವುದು". ಅಂದ್ರೆ ಅದೇ ಸ್ಲೈಡು, ಇನ್ನೊಂದು ಸಲ.

ಆ ಜೂನ್‌ನಲ್ಲಿ ಮೀನುಗಾರಿಕೆಗೆ ನಿಷೇಧ ಇತ್ತು, ಬೋಟುಗಳೆಲ್ಲ ರಿಪೇರಿಗೆ ನಿಂತಿದ್ದವು. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟ್ ಇಂಜಿನ್ ಕೆಲಸ ಮಾಡುವ ನನ್ನ ಮಾವ ಬಿಚ್ಚಿದ ನಟ್ಟು ಬೋಲ್ಟನ್ನೆಲ್ಲ ತೆಂಗಿನ ಕರಟದಲ್ಲಿ ಹಾಕಿಡುತ್ತಾರೆ. ಕರಟದಲ್ಲಿ ಒಂದು ವಾಷರ್ ಉಳಿದರೂ ಇಂಜಿನ್ ಶುರು ಮಾಡಲು ಬಿಡೋದಿಲ್ಲ. ಇದನ್ನು ಹುಡುಗರಿಗೆ ಹೇಗೆ ಕಲಿಸಿದ್ರಿ ಮಾವ ಅಂತ ಕೇಳಿದೆ. "ಕಲಿಸೋದು ಎಂತದು ತಮಾ? ಉಳಿದ ವಾಷರ್ ಕೈಗೆ ಕೊಟ್ಟು, ಎಲ್ಲಿಂದು ಇದು ಅಂತ ಕೇಳ್ತೆ. ಅವನೇ ಹುಡುಕ್ತ."

ನಾನೂ ಹಾಗೇ ಮಾಡಿದೆ. ಮಾಡಿದ ಕೆಲಸ ಬರೆದಿಡುವ ನಮ್ಮದೇ ಹಳೆಯ ವರ್ಕ್ ಕಾರ್ಡುಗಳಲ್ಲಿ ತಪ್ಪಿದ್ದವನ್ನು ಆರಿಸಿ, ಹೆಸರು ಮುಚ್ಚಿ ಜೆರಾಕ್ಸ್ ತೆಗೆಸಿದೆ. ಬೆಳಿಗ್ಗೆ ಶಿಫ್ಟ್ ಶುರುವಾಗುವ ಮುಂಚೆ ಇಪ್ಪತ್ತು ನಿಮಿಷ, ಮೂರು ಮೂರು ಜನ, ಬೆಂಚಿನ ಹತ್ತಿರವೇ. ಏನು ತಪ್ಪಾಗಿದೆ, ಎಂಒಇಯಲ್ಲಿ ಅದು ಯಾವ ಪುಟದಲ್ಲಿದೆ, ಅವರೇ ಹುಡುಕಬೇಕು. ಪರೀಕ್ಷೆಯೂ ಕೈಯಲ್ಲೇ: ಅವಧಿ ಮುಗಿದ ಟ್ಯೂಬ್ ಕೊಟ್ಟರೆ ಅದಕ್ಕೆ ಟ್ಯಾಗ್ ಕಟ್ಟಿ, ಬಳಸಬಾರದ್ದನ್ನು ಬೇರೆ ಇಡುವ ಕ್ವಾರಂಟೈನ್ ಕಪಾಟಿಗೆ ಇಟ್ಟು ತೋರಿಸಬೇಕು. ಹಾಜರಿ, ವಿಷಯ, ಫಲಿತಾಂಶ ಎಲ್ಲ ಕಾಗದದ ಮೇಲೂ ಬೇಕು. ಅದಿಲ್ಲದಿದ್ದರೆ ಆಡಿಟ್‌ನಲ್ಲಿ ತರಬೇತಿ ಆಗಿಯೇ ಇಲ್ಲ ಅಂತ ಲೆಕ್ಕ.

ಹಳಬರು ಬಗ್ಗಲಿಲ್ಲ. "ಇಪ್ಪತ್ತು ವರ್ಷದಿಂದ ಇದನ್ನೇ ಮಾಡ್ತಿದ್ದೇನೆ" ಅಂದರು ಒಬ್ಬರು. ಅವರಿಗೆ 1990ರ ಬ್ರಿಟಿಷ್ ಏರ್‌ವೇಸ್ 5390 ವಿಮಾನದ ಕಥೆ ಹೇಳಿದೆ. ಅಲ್ಲೂ ಅನುಭವಸ್ಥ ಶಿಫ್ಟ್ ಮ್ಯಾನೇಜರೇ ರಾತ್ರಿ ಪಾಳಿಯಲ್ಲಿ ಕಾಕ್‌ಪಿಟ್‌ನ ಗಾಜು ಬದಲಾಯಿಸಿದ್ದು. ಪಾರ್ಟ್ಸ್ ಕ್ಯಾಟಲಾಗ್ ನೋಡದೆ, ಹಳೆಯ ಬೋಲ್ಟಿಗೆ ಕಣ್ಣಳತೆಯಲ್ಲೇ ಜೋಡಿ ಹುಡುಕಿದರು. 90 ಬೋಲ್ಟಿನಲ್ಲಿ 84 ಕೂದಲೆಳೆಯಷ್ಟು ಸಣ್ಣವು. 17,300 ಅಡಿ ಎತ್ತರದಲ್ಲಿ ಗಾಜು ಹಾರಿಹೋಯಿತು, ಕ್ಯಾಪ್ಟನ್ ಅರ್ಧ ಮೈ ಹೊರಗೆ, ಸಿಬ್ಬಂದಿ ಅವರ ಕಾಲು ಹಿಡಿದುಕೊಂಡಿದ್ದರು. ಬದುಕಿದರು, ಪುಣ್ಯ. ಅವರು ಮಾದರಿಗೆ ಹಿಡಿದ ಹಳೆಯ ಬೋಲ್ಟುಗಳೇ ತಪ್ಪಾಗಿದ್ದವು ಅಂತ ನಾನು ಹೇಳಿದಾಗ ನಮ್ಮ ಹಿರಿಯರು ಮಾತಾಡಲಿಲ್ಲ, ಎದ್ದು ಚಾ ಕುಡಿಯಲು ಹೋದರು.

ಎರಡು ವಾರದ ನಂತರ ಅವರೇ ಒಂದು ಟಾರ್ಕ್ ವ್ರೆಂಚ್ (ಬೋಲ್ಟನ್ನು ಅಳತೆಯಷ್ಟೇ ಬಿಗಿ ಮಾಡುವ ಸಾಧನ) ಹಿಡಿದು ಬಂದರು. ಅದರ ಅಳತೆ ಸರಿಯಿದೆಯಾ ಅಂತ ನೋಡುವ ಕ್ಯಾಲಿಬ್ರೇಷನ್ ದಿನಾಂಕ ದಾಟಿದೆ, ಮೂರು ಯೂನಿಟ್‌ಗೆ ಬಳಸಿಬಿಟ್ಟೆ ಅಂದರು. ಮೂರೂ ಇನ್ನೂ ಪ್ಯಾಕ್ ಆಗಿರಲಿಲ್ಲ. ನಿಲ್ಲಿಸಿ ಮತ್ತೆ ಚೆಕ್ ಮಾಡಲು ಎರಡು ದಿನ ಹಿಡಿಯಿತು. ಮಾಲೀಕರ ಮುಖ ನೋಡಬೇಕಿತ್ತು! ಆದರೆ ಬೈಯಲಿಲ್ಲ, ಬೈಯಬೇಡಿ ಅಂತ ನಾನು ಮೊದಲೇ ಕೈಮುಗಿದಿದ್ದೆ.

ಆ ವರ್ಕ್ ಕಾರ್ಡೇ ಮುಂದಿನ ವಾರದ ಪಾಠ. ಹೆಸರು ಮುಚ್ಚಲು ಹೋದರೆ, ಬೇಡ ಬಿಡು ಮಾರಾಯ, ನಾನೇ ಹೇಳ್ತೇನೆ ಅಂದರು. ರಾತ್ರಿ ಪಾಳಿಯ ಇಬ್ಬರು ಮಾತ್ರ ಇನ್ನೂ ಬಾಕಿ. ಸೋಮವಾರ ಸಂಜೆಯ ರೈಲಿಗೆ ಹೋಗಿ ಅವರನ್ನು ಹಿಡಿಯಬೇಕು.