ಕಸಾಲ್ಸ್ ಸೆಲ್ಲೋ ಕೇಳೋಕೆ ಎಲ್ಲಿಂದ ಶುರು ಮಾಡೋದು?

ಸೆಲ್ಲೋ (ಪಿಟೀಲಿನ ಥರದ್ದೇ, ಆದ್ರೆ ದೊಡ್ಡ ವಾದ್ಯ) ಕೇಳ್ಬೇಕು ಅಂದ್ರೆ ಎಲ್ರೂ ಹೇಳೋದು ಒಂದೇ, ಜರ್ಮನ್ ಸಂಗೀತಗಾರ ಬಾಖ್ ಒಂಟಿ ಸೆಲ್ಲೋಗೆ ಬರೆದ ಆರು ಸೂಟ್‌ಗಳಲ್ಲಿ (ಸೂಟ್ ಅಂದ್ರೆ ಕೆಲವು ತುಣುಕುಗಳ ಗೊಂಚಲು) ಒಂದನೇದು ಹಾಕ್ಕೊಳ್ಳಿ ಅಂತ. ಹಾಕ್ಕೊಂಡ್ರೆ ಮೊದಲ ಎರಡೂವರೆ ನಿಮಿಷ ಚೆನ್ನಾಗಿರತ್ತೆ, ಆಮೇಲೆ ಶ್ರುತಿ ಪೆಟ್ಟಿಗೆ ಇಲ್ಲ ಮೃದಂಗ ಇಲ್ಲ ಒಬ್ರೇ ಕುಯ್ತಾ ಇದಾರೆ ಅನ್ಸಿ ಬಿಟ್ಬಿಡ್ತೀವಿ. ನಾನೂ ಎರಡು ಸಲ ಹಂಗೇ ಬಿಟ್ಟಿದ್ದೆ. ಮೂರನೇ ಸಲ ಸೆಲ್ಲೋ ವಾದಕ ಪಾಬ್ಲೋ ಕಸಾಲ್ಸ್ ಅವ್ರ ರೆಕಾರ್ಡಿಂಗನ್ನ ನಂಬರ್ ಪ್ರಕಾರ ಅಲ್ದೆ, ರೆಕಾರ್ಡ್ ಆದ ವರ್ಷದ ಪ್ರಕಾರ ಕೇಳ್ದೆ, ಹಿಡಿಸ್ತು.

ಇಯರ್‌ಫೋನ್ ಬೇಕೇ ಬೇಕು. ಸೆಲ್ಲೋದ ದಪ್ಪ ತಂತಿ ಸುಮಾರು 65 ಹರ್ಟ್ಸ್, ಮೊಬೈಲ್ ಸ್ಪೀಕರಲ್ಲಿ ಅದು ಸರಿಯಾಗಿ ಬರೋದೇ ಇಲ್ಲ. ಹಳೇ ಪ್ಲೇಟಿನ ಸೊರ್ರ್ ಸದ್ದು ಇರತ್ತೆ, ಸ್ವಲ್ಪ ಹೊತ್ತಿಗೆ ಕಿವಿ ಒಗ್ಗತ್ತೆ.

ಕಸಾಲ್ಸ್ ಸ್ಪೇನಿನ ಕ್ಯಾಟಲೋನಿಯಾದವರು, ಹುಟ್ಟಿದ್ದು 1876. 13ನೇ ವಯಸ್ಸಲ್ಲಿ ಅಪ್ಪನ ಜೊತೆ ಬಾರ್ಸಿಲೋನಾ ಬಂದರಿನ ಹತ್ರ ಒಂದು ಹಳೇ ಅಂಗಡೀಲಿ ಈ ಸೂಟ್‌ಗಳ ಪುಸ್ತಕ ಸಿಕ್ತು. ಆಗ ಇದನ್ನ ಜನ ಅಭ್ಯಾಸದ ಪಾಠ ಅಂತ್ಲೇ ನೋಡ್ತಿದ್ರು. ಇವ್ರು ಸುಮಾರು 12 ವರ್ಷ ಮನೇಲೇ ಸಾಧನೆ ಮಾಡಿ ಆಮೇಲಷ್ಟೇ ಸಭೇಲಿ ನುಡಿಸಿದ್ದು. ರೆಕಾರ್ಡ್ ಮಾಡೋ ಹೊತ್ತಿಗೆ ಅರವತ್ತರ ಹತ್ರ!

ಮೊದ್ಲು 2, 3ನೇ ಸೂಟ್ ಕೇಳಿ. 1936ರ ನವೆಂಬರ್, ಲಂಡನ್ನಿನ ಆಬಿ ರೋಡ್ ಸ್ಟುಡಿಯೋ, ಅವ್ರ ಸ್ಪೇನಲ್ಲಿ ಸಿವಿಲ್ ವಾರ್ ಶುರುವಾಗಿ ನಾಲ್ಕು ತಿಂಗಳು. 2 ಮಂಕಾಗಿದೆ, 3 ಎದ್ದು ಕುಣಿಯೋ ಥರ, ಅದಕ್ಕೇ ಇವೆರಡನ್ನ ಒಟ್ಟಿಗೆ ಕೇಳ್ಬೇಕು. ಆಮೇಲೆ 1938ರಲ್ಲಿ ಪ್ಯಾರಿಸ್‌ನಲ್ಲಿ ಆದ 1, 6. ಈಗ ಒಂದನೇದರ ಶುರುವಿನ ನಾಲ್ಕು ಬಾರ್ (ನಮ್ಮ ತಾಳದ ಆವರ್ತನ ಇದ್ದ ಹಾಗೆ) ಗಮನ ಇಟ್ಟು ಕೇಳಿ, ಪ್ರತಿ ಅರ್ಧ ಬಾರಿಗೂ ಕೆಳಗಿನ ಅದೇ ಸ್ವರ ಮುಟ್ಟಿ ಮುಟ್ಟಿ ಮೇಲೆ ಹೋಗತ್ತೆ, ನಮ್ಮ ತಂಬೂರಿ ಷಡ್ಜ ನೆನಪಾಗತ್ತೆ, ಶ್ರುತಿ ಇಲ್ಲ ಅಂತ ಗೊಣಗಿದ್ದೆನಲ್ಲ, ಅದು ಒಳಗೇ ಇತ್ತು. 6 ಉದ್ದ, ಕಂತಲ್ಲಿ ಕೇಳಿದ್ರೂ ನಡೆಯತ್ತೆ.

ಕೊನೇಗೆ 4, 5. 1939ರ ಜೂನ್. ಜನವರೀಲೇ ಬಾರ್ಸಿಲೋನಾ ಸಿವಿಲ್ ವಾರ್‌ನಲ್ಲಿ ಗೆದ್ದ ಜನರಲ್ ಫ್ರಾಂಕೋ ಕೈಗೆ ಹೋಗಿತ್ತು, ಕಸಾಲ್ಸ್ ಫ್ರಾನ್ಸಲ್ಲಿದ್ರು, ಮತ್ತೆ ಸ್ಪೇನಿಗೆ ವಾಪಸ್ ಹೋಗಿ ನೆಲೆಸಲೇ ಇಲ್ಲ. ಐದನೇದರ ನಾಲ್ಕನೇ ತುಣುಕು ಸರಬಾಂಡ್ ಅನ್ನೋ ನಿಧಾನದ ನೃತ್ಯದ ಧಾಟಿ, ಇದಕ್ಕೊಂದು ರಾತ್ರಿ ಬೇರೆ ಇಟ್ಕೊಳ್ಳಿ. ಎರಡು ತಂತಿ ಒಟ್ಟಿಗೆ ನುಡಿಸೋದು ಇಲ್ಲಿ ಒಂದ್ಸಲಾನೂ ಇಲ್ಲ, ಒಂದಾದ ಮೇಲೆ ಒಂದು ಬರೀ ಸ್ವರ ಅಷ್ಟೇ, ಕತ್ತಲಲ್ಲಿ ಗೋಡೆ ತಡವ್ಕೊಂಡು ನಡೆದ ಹಾಗೆ, ನಾನು ಮುಗಿದ್ಮೇಲೆ ಮುಂದಿನ ಟ್ರ್ಯಾಕ್ ಹೋಗ್ದೇ ಇರ್ಲಿ ಅಂತ ಪಾಜ್ ಒತ್ತಿಬಿಟ್ಟಿದ್ದೆ.

ಇಷ್ಟಾದ್ಮೇಲೆ 1971ರಲ್ಲಿ ವಿಶ್ವಸಂಸ್ಥೇಲಿ ನುಡಿಸಿದ್ದನ್ನ ಹುಡುಕಿ. 94 ವರ್ಷ ಆಗ ಅವ್ರಿಗೆ, ನುಡಿಸಿದ್ದು ಬಾಖ್ ಅಲ್ಲ, ಕ್ಯಾಟಲನ್ ಜಾನಪದದ ಹಕ್ಕಿಗಳ ಹಾಡು.